ಬೆಳಗಿನ ಹಾಲು ಹಾಕಿ ಕಾರವಾರ, ಅಂಕೋಲಾ ನೋಡಿ ಬನ್ನಿ



ಕಳೆದ ವರ್ಷ ನಮ್ಮ ಭಾಗದ ಒಂದು ಮಹಿಳಾ ಸಂಘದಲ್ಲಿ ಬಂಜೆತನ ನಿವಾರಣಾ ಶಿಬಿರ ಮುಗಿಸಿ ಚಹಾ ಕುಡಿಯುತ್ತಿದ್ದೆವು. ಒಬ್ಬ ಅಕ್ಕ ಮೊಬೈಲಿನಲ್ಲಿ ಫೋಟೋ ತೋರಿಸಿದರು. ಅವರ ತಂಗಿಯ ಮಗಳು ಪ್ಯಾರಿಸ್ ನೋಡಲು ಹೋಗಿದ್ದಳು. ಐಫೆಲ್ ಗೋಪುರ, ನದಿಯಲ್ಲಿ ದೋಣಿ, ಮ್ಯೂಸಿಯಂ ಮುಂದೆ ಉದ್ದ ಸಾಲು. ಎಲ್ಲ ತೋರಿಸಿ ಆದ ಮೇಲೆ ಅವರೇ ಅಂದರು: "ಡಾಕ್ಟ್ರೇ, ನಾನು ಕಾರವಾರಕ್ಕೆ ಇಪ್ಪತ್ತು ಸಲವಾದರೂ ಹೋಗಿದ್ದೇನೆ. ಆಸ್ಪತ್ರೆ, ಡಿಸಿ ಆಫೀಸು, ಕೋರ್ಟು. ಊರು ಮಾತ್ರ ನೋಡಲಿಲ್ಲ."

"ಹಾಗಾದರೆ ಎಲ್ಲರೂ ಸೇರಿ ಒಂದು ದಿನ ಹೋಗಿ ಬನ್ನಿ" ಎಂದು ಹುರಿದುಂಬಿಸಿದವರಲ್ಲಿ ನಾನೇ ಮೊದಲಿಗ. ಹದಿನಾರು ಜನ ಟೆಂಪೋ ಮಾಡಿಕೊಂಡು ಹೋದರು. ವಾಪಸು ಬರುವಾಗ ರಾತ್ರಿ ಒಂಬತ್ತೂವರೆ. ಆ ಅಕ್ಕನ ಮನೆಯಲ್ಲಿ ಸಂಜೆಯ ಹಾಲನ್ನು ಅತ್ತೆ ಕರೆಯುತ್ತಾರೆಂದು ಗಂಡ, ಮಗ ಕರೆಯುತ್ತಾನೆಂದು ಅತ್ತೆ ಸುಮ್ಮನಿದ್ದರು. ಮರುದಿನ ಹಸುವಿನ ಒಂದು ಕೆಚ್ಚಲು ಕಲ್ಲಿನಂತೆ ಗಟ್ಟಿಯಾಗಿ, ಹಾಲಿನಲ್ಲಿ ಹೆಪ್ಪು ಕಾಣಿಸಿತು. ನಾನೇ ಚಿಕಿತ್ಸೆ ಮಾಡಿದೆ, ಗುಣವಾಯಿತು. ಆದರೆ ಔಷಧಿಯ ಅಂಶ ಹೋಗುವವರೆಗೆ ಆ ಹಾಲನ್ನು ಡೇರಿಗೆ ಹಾಕುವಂತಿರಲಿಲ್ಲ. ಊರಿನ ಗಂಡಸರ ಬಾಯಲ್ಲಿ ಒಂದೇ ಮಾತು: "ಹೆಂಗಸರು ತಿರುಗಾಡಲು ಹೋದರೆ ಹೀಗೇ." ಅಂದಿನಿಂದ ಆ ಸಂಘದಲ್ಲಿ ಪ್ರವಾಸದ ಸುದ್ದಿಯೇ ಇಲ್ಲ.

ಒಂದು ಹೊತ್ತು ತಪ್ಪಿದ್ದರಿಂದಲೇ ಕೆಚ್ಚಲು ಬಾವು ಬಂತು ಎನ್ನಲಾಗದು. ಒಳಗೆ ಮೊದಲೇ ಸೋಂಕು ಇದ್ದಿರಬೇಕು, ತುಂಬಿ ನಿಂತ ಕೆಚ್ಚಲು ಅದಕ್ಕೆ ದಾರಿ ಮಾಡಿಕೊಟ್ಟಿತು. ಹೋಗಿ ಎಂದು ಹೇಳಿದ ನಾನು, ಹೋಗುವ ಮುಂಚೆ ಏನು ಮಾಡಬೇಕೆಂದು ಹೇಳಿರಲಿಲ್ಲ. ಆ ಬಾಕಿ ತೀರಿಸಲು ಈ ಲೇಖನ. ಮೊದಲು ಊರು ನೋಡೋಣ, ಕೊಟ್ಟಿಗೆಯ ಮಾತು ಆಮೇಲೆ.

ಬೆಳಗಿನ ಹಾಲು ಹಾಕಿ ಏಳೂವರೆಗೆ ಹೊರಟರೆ ಮೊದಲು ಕಾರವಾರಕ್ಕೇ ಹೋಗಿ, ಬಿಸಿಲೇರುವ ಮುಂಚೆ ಕಡಲತೀರ ನೋಡಿ. ಅದಕ್ಕೆ ರವೀಂದ್ರನಾಥ ಟಾಗೋರರ ಹೆಸರು ಯಾಕೆ ಬಂತು ಗೊತ್ತೇ? ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಬ್ರಿಟಿಷರ ಕಾಲದ ಸಿವಿಲ್ ಸರ್ವಿಸ್ ಸೇರಿದ ಮೊದಲ ಭಾರತೀಯ ಅವರು. 1883ರಲ್ಲಿ ಅಣ್ಣನ ಮನೆಗೆ ಬಂದ ರವೀಂದ್ರರಿಗೆ ಇಪ್ಪತ್ತೆರಡು ವರ್ಷ. ನೊಬೆಲ್ ಬಹುಮಾನ ಬಂದದ್ದು ಇನ್ನೂ ಮೂವತ್ತು ವರ್ಷದ ನಂತರ, 1913ರಲ್ಲಿ. 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕವನ್ನು ಅವರು ಬರೆದದ್ದು ಇದೇ ಕಾರವಾರದಲ್ಲಿ.

ನನಗೆ ಇಷ್ಟವಾದದ್ದು ಅವರು ತಮ್ಮ ನೆನಪುಗಳಲ್ಲಿ ಬರೆದಿರುವ ಒಂದು ರಾತ್ರಿಯ ಸಂಗತಿ. ಬೆಳದಿಂಗಳಲ್ಲಿ ದೋಣಿ ಹತ್ತಿ ಕಾಳಿ ನದಿಯಲ್ಲಿ ಮೇಲಕ್ಕೆ ಹೋಗಿದ್ದರಂತೆ. ಬೆಟ್ಟದ ಕೋಟೆಯೊಂದರ ಹತ್ತಿರ ಇಳಿದು, ಒಬ್ಬ ರೈತನ ಮನೆಯ ಗುಡಿಸಿ ಚೊಕ್ಕ ಮಾಡಿದ ಅಂಗಳದಲ್ಲಿ ಕುಳಿತು ತಂದ ಬುತ್ತಿ ಉಂಡರಂತೆ. ಎಷ್ಟೋ ವರ್ಷಗಳ ನಂತರವೂ ಆ ಅಂಗಳ ಅವರಿಗೆ ಮರೆತಿರಲಿಲ್ಲ. ಅದನ್ನು ಗುಡಿಸಿದವರು ಯಾರು ಎಂದು ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಅಂಗಳ ಗುಡಿಸುವವರು ಯಾರೆಂದು ನಿಮಗೂ ಗೊತ್ತು, ನನಗೂ ಗೊತ್ತು.

ಅಲ್ಲೇ ದಂಡೆಯ ಮೇಲೆ ನೌಕಾಪಡೆಯ 'ಚಪಲ್' ಹಡಗು ಇದೆ. ಸೋವಿಯತ್ ರಷ್ಯಾದಲ್ಲಿ ಕಟ್ಟಿದ ಕ್ಷಿಪಣಿ ಹಡಗು, 2005ರಲ್ಲಿ ನಿವೃತ್ತಿಯಾಗಿ ಈಗ ವಸ್ತುಸಂಗ್ರಹಾಲಯ. ಒಳಗೆ ಇಳಿದರೆ ನಾವಿಕರು ಮಲಗುತ್ತಿದ್ದ ಜಾಗ ಎಷ್ಟು ಇಕ್ಕಟ್ಟು ಎಂದು ಕಾಣುತ್ತದೆ. ನಮ್ಮ ಕೊಟ್ಟಿಗೆಯೇ ವಾಸಿ. ಪಕ್ಕದಲ್ಲೇ ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದ ಟುಪೊಲೆವ್ ವಿಮಾನವೂ ಇದೆ. ಯಾವ ದಿನ ತೆರೆದಿರುತ್ತದೆ ಎಂದು ಮೊದಲೇ ಕೇಳಿಕೊಂಡು ಹೋಗಿ. ಮಕ್ಕಳನ್ನು ಕರೆದೊಯ್ದರೆ ಇಲ್ಲಿಯೇ ಎರಡು ತಾಸು ಹೋಗುತ್ತದೆ. ಮಳೆಗಾಲದಲ್ಲಿ ಯಾರೂ ನೀರಿಗೆ ಇಳಿಯಬೇಡಿ.

ಅಲ್ಲಿಂದ ಕೋಡಿಬಾಗಕ್ಕೆ ಬಂದು ಕಾಳಿ ಸೇತುವೆ ದಾಟಿ. ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು, ಲಾರಿಯೊಂದು ನದಿಗೆ ಬಿದ್ದದ್ದು ನಿಮಗೆ ನೆನಪಿರಬಹುದು. ಚಾಲಕ ಬದುಕಿ ಬಂದ. ಆಚೆ ದಡದಲ್ಲಿ ಸದಾಶಿವಗಡ. ಸೋಂದೆಯ ಅರಸ ಕಟ್ಟಿಸಿ ತನ್ನ ತಂದೆ ಸದಾಶಿವನ ಹೆಸರಿಟ್ಟ ಕೋಟೆ. ಗೋಡೆ ಹೆಚ್ಚೇನೂ ಉಳಿದಿಲ್ಲ. ದುರ್ಗಾದೇವಿ ಗುಡಿ ಇದೆ, ದರ್ಗಾ ಇದೆ, ಎರಡಕ್ಕೂ ಜನ ಬರುತ್ತಾರೆ. ಗುಡ್ಡದ ಮೇಲಿಂದ, ಜೋಯಿಡಾದಲ್ಲಿ ಹುಟ್ಟಿ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳನ್ನು ದಾಟಿ ಬಂದ ನದಿ ಕಡಲು ಸೇರುವುದು ಪೂರ್ತಿ ಕಾಣುತ್ತದೆ.

ಮಧ್ಯಾಹ್ನ ಊಟ ಮಾಡಿ ಅಂಕೋಲೆಯ ಕಡೆ ತಿರುಗಿ, ಸುಮಾರು 35 ಕಿ.ಮೀ. ದಾರಿಯಲ್ಲಿ ಅರ್ಗಾ ಹತ್ತಿರ ನೌಕಾನೆಲೆಯ ಉದ್ದ ಗೋಡೆ ಸಿಗುತ್ತದೆ. ಅಲ್ಲಿ ಫೋಟೋ ತೆಗೆಯುವಂತಿಲ್ಲ. ಆ ಗೋಡೆಯ ಒಳಗೆ ಒಂದು ಕಾಲದಲ್ಲಿ ಗದ್ದೆ, ಮನೆ, ಕೊಟ್ಟಿಗೆಗಳಿದ್ದವು. ಸಾವಿರಾರು ಕುಟುಂಬಗಳು ಎದ್ದು ಹೋದವು.

ಅಂಕೋಲೆ ನೋಡಲು ಸಣ್ಣ ಪೇಟೆ, ಕಥೆ ಮಾತ್ರ ದೊಡ್ಡದು. 1930ರ ಏಪ್ರಿಲ್ 13ರಂದು ಇಲ್ಲಿಯ ಪೂಜಗೇರಿ ಕಡಲತೀರದಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದರು. ದಂಡಿಯಲ್ಲಿ ಗಾಂಧೀಜಿ ಉಪ್ಪು ತೆಗೆದು ಆಗ ಒಂದು ವಾರವಷ್ಟೇ ಆಗಿತ್ತು. ಮುಂದೆ ಕರನಿರಾಕರಣೆ ಮಾಡಿದ ಇಲ್ಲಿಯ ರೈತರು ಜಮೀನು ಕಳೆದುಕೊಂಡರು. ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಅಂಕೋಲೆಗೆ ಬಂದದ್ದು ಹಾಗೆ. ಪೇಟೆಯಲ್ಲಿರುವ ಸ್ವಾತಂತ್ರ್ಯ ಸಂಗ್ರಾಮ ಸ್ಮಾರಕ ಭವನಕ್ಕೆ ಹೋಗದೆ ಬರಬೇಡಿ. ನೀವು ದಿನಾ ಹಿಂಡಿಯಲ್ಲಿ ಕಲಸುವ ಒಂದು ಮುಷ್ಟಿ ಉಪ್ಪಿಗೆ ಎಂಥ ಬೆಲೆ ಇತ್ತು ಎಂದು ಅಲ್ಲಿ ತಿಳಿಯುತ್ತದೆ.

ಇದೇ ತಾಲೂಕಿನ ಇಬ್ಬರು ಹಾಲಕ್ಕಿ ಅಜ್ಜಿಯರನ್ನು ನೀವು ಕೇಳಿಯೇ ಇರುತ್ತೀರಿ. ಬಡಗೇರಿಯ ಸುಕ್ರಿ ಬೊಮ್ಮಗೌಡ, ಹೊನ್ನಳ್ಳಿಯ ತುಳಸಿ ಗೌಡ. ಇಬ್ಬರೂ ಶಾಲೆ ಕಲಿತವರಲ್ಲ, ಇಬ್ಬರಿಗೂ ಪದ್ಮಶ್ರೀ ಬಂತು. ಸುಕ್ರಜ್ಜಿ ತಲೆಯಲ್ಲೇ ಹಾಡುಗಳನ್ನು ಕಾಪಾಡಿದರು, ಊರಿನ ಸಾರಾಯಿ ವಿರುದ್ಧ ನಿಂತರು. ತುಳಸಜ್ಜಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಯಾಗಿ ಸೇರಿ, ಯಾವ ಬೀಜಕ್ಕೆ ಯಾವ ತಾಯಿಮರ ಒಳ್ಳೆಯದು ಎಂದು ಕಾಡೊಳಗೇ ಗುರುತಿಡುತ್ತಿದ್ದರು. ನಿಮ್ಮಲ್ಲಿ ಕೆಲವರು ಕರುವಿನ ಮುಖ ನೋಡಿಯೇ ಅದರ ಅಜ್ಜಿ ಹಸು ಯಾವುದೆಂದು ಹೇಳುತ್ತೀರಲ್ಲ, ಅಂಥದೇ ವಿದ್ಯೆ. 2024ರ ಡಿಸೆಂಬರಿನಲ್ಲಿ ತುಳಸಜ್ಜಿ, 2025ರ ಫೆಬ್ರುವರಿಯಲ್ಲಿ ಸುಕ್ರಜ್ಜಿ ತೀರಿಕೊಂಡರು. ಅವರ ಮನೆಗಳಲ್ಲಿ ಈಗಲೂ ಸಂಸಾರ ನಡೆಯುತ್ತಿದೆ, ಟೆಂಪೋ ತುಂಬ ಜನ ಹೋಗಿ ಇಣುಕುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಬೇಸಿಗೆಯಲ್ಲಿ ಹೋದರೆ ಪೇಟೆಯಲ್ಲಿ ಬುಟ್ಟಿ ಇಟ್ಟು ಕುಳಿತ ಹೆಂಗಸರ ಹತ್ತಿರ ಕರಿ ಈಶಾಡು ಮಾವು ಕೊಳ್ಳಿ. 2023ರಲ್ಲಿ ಅದಕ್ಕೆ ಜಿಐ ಮಾನ್ಯತೆ ಸಿಕ್ಕಿದೆ. ಚೌಕಾಶಿ ಜಾಸ್ತಿ ಮಾಡಬೇಡಿ; ಹಾಲಿನ ದರಕ್ಕೆ ನಾವು ಎಷ್ಟು ಗೊಣಗುತ್ತೇವೆ ನೆನಪಿರಲಿ.

ನಾಲ್ಕು ಗಂಟೆಗೆ ಅಂಕೋಲೆ ಬಿಟ್ಟರೆ ಈ ಎರಡು ತಾಲೂಕಿನವರು ಸಂಜೆಯ ಹಾಲಿಗೆ ಮನೆಯಲ್ಲಿರಬಹುದು. ಅರಬೈಲ್ ಘಟ್ಟ ಇಳಿದು ಬರುವವರಿಗೆ ಅದು ಆಗದು. ಆದರೂ ಟೆಂಪೋ ಕೆಡಬಹುದು, ಹೆದ್ದಾರಿಯಲ್ಲಿ ತಡವಾಗಬಹುದು. ಆದ್ದರಿಂದ ಯಾರು ಕರೆಯುತ್ತಾರೆ ಎಂದು ಹೆಸರು ಹಿಡಿದು ಗೊತ್ತುಮಾಡಿ. ಅವರು ನಾಲ್ಕೈದು ದಿನ ಮೊದಲೇ ನಿಮ್ಮ ಜೊತೆ ಕುಳಿತು ಕರೆಯಲಿ. ಹೊಸ ಕೈಗೆ ಹಸು ಬೇಗ ಹಾಲು ಇಳಿಸುವುದಿಲ್ಲ. ಕೊನೆಯ ಹನಿಯವರೆಗೆ ಕರೆದು, ಕೂಡಲೇ ಮೇವು ಹಾಕಿ ಅರ್ಧ ತಾಸು ನಿಲ್ಲಿಸಬೇಕು. ಆಗ ಮೊಲೆತೊಟ್ಟಿನ ತೂತು ಮುಚ್ಚಿಕೊಳ್ಳುತ್ತದೆ, ಸೆಗಣಿಯಲ್ಲಿ ಮಲಗಿದರೂ ಅಪಾಯ ಕಡಿಮೆ. ಕರಾವಳಿಯ ಸೆಕೆಗೆ ಕರೆಯುವ ಮಿಶ್ರತಳಿ ಹಸು ದಿನಕ್ಕೆ 60 ಲೀಟರಿಗೂ ಹೆಚ್ಚು ನೀರು ಕುಡಿಯುತ್ತದೆ, ಮಧ್ಯಾಹ್ನದ ನೀರನ್ನು ಯಾರೂ ಮರೆಯಬಾರದು. ಹೋಗುವ ವಾರ ಕೆಚ್ಚಲು ಬಾವು ಪರೀಕ್ಷೆ ಮಾಡಿಸಿ. ಕರು ಹಾಕಿ ವಾರ ಕಳೆಯದ ಹಸುವಿದ್ದರೆ, ಬೆದೆಗೆ ಬರುವ ದಿನವಾಗಿದ್ದರೆ ನೀವು ಮುಂದಿನ ತಂಡದಲ್ಲಿ ಹೋಗಿ.

ಆ ಅಕ್ಕ ಈ ಸಲ ಮತ್ತೆ ಹೆಸರು ಕೊಟ್ಟಿದ್ದಾರೆ. ಅವರ ಮನೆಯವರು ಕರೆಯುವುದನ್ನು ಕಲಿಯಲು ಸೋಮವಾರದಿಂದ ಕುಳಿತಿದ್ದಾರೆ. ಮೊದಲ ದಿನ ಎರಡು ಲೀಟರ್ ಕಡಿಮೆ ಬಂತು, ನಿನ್ನೆ ಅರ್ಧ ಲೀಟರ್.