ಬಿಸಿಲಿಗೆ ಜೆಲ್ ಉಬ್ಬುತ್ತೋ, ಕುಗ್ಗುತ್ತೋ?

ನಮ್ಮ ಬಲಸಮುದ್ರದ ಕಡೆ ಹೂವಿನ ಹೊತ್ತಲ್ಲಿ ಮಳೆ ಕೈಕೊಟ್ಟರೆ ಕಡ್ಲೆಕಾಯಿ ಕಟ್ಟಲ್ಲ. ನೀರು ಹಿಡಿದಿಡುವ ಜೆಲ್ ಮೇಲೆ ಅದಕ್ಕೇ ಆಸೆ. ಆದರೆ ಎಲ್ಲ ಜೆಲ್ಲೂ ಒಂದೇ ಅಲ್ಲ.

ಜೆಲ್ ಅಂದರೆ ಸಣ್ಣ ಬಲೆ. ನೀರು ನುಗ್ಗಿ ಹಿಗ್ಗಿಸುತ್ತೆ, ಬಲೆ ಬಿಗಿದು ತಡೆಯುತ್ತೆ. ಎರಡೂ ಸಮವಾದಾಗ ಉಬ್ಬುವುದು ನಿಲ್ಲುತ್ತೆ. 1943ರಲ್ಲಿ ಫ್ಲೋರಿ, ರೇನರ್ ಕಟ್ಟಿದ ಲೆಕ್ಕ ಇದೇ. ಬಿಸಿ ಏರಿದರೆ ಈ ಸಮತೂಕ ಬದಲಾಗುತ್ತೆ. ಪ್ರಯೋಗಾಲಯದ ‘ನಿಪಾಮ್’ ಜೆಲ್ 33 ಡಿಗ್ರಿ ಆಸುಪಾಸಿನಲ್ಲೇ ನೀರು ಬಿಟ್ಟು ಮುದುಡುತ್ತೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ‘ಪೂಸಾ ಹೈಡ್ರೋಜೆಲ್’ 40-50 ಡಿಗ್ರಿಯಲ್ಲೂ ಚೆನ್ನಾಗಿ ಹೀರುತ್ತೆ. ಶುದ್ಧ ನೀರಾದರೆ ತನ್ನ ತೂಕದ 350 ಪಟ್ಟು. ಉಪ್ಪು, ಗಡಸು ನೀರಲ್ಲಿ ಅಷ್ಟಿಲ್ಲ.

ಎಕರೆಗಟ್ಟಲೆ ಹಾಕುವ ಮುನ್ನ ಪರೀಕ್ಷಿಸಿ. ಅರ್ಧರ್ಧ ಲೀಟರ್ ಬೋರ್‌ವೆಲ್ ನೀರಿಗೆ ಒಂದೊಂದು ಗ್ರಾಂ ಹಾಕಿ ಮುಚ್ಚಿ; ಒಂದು ನೆರಳಲ್ಲಿ, ಇನ್ನೊಂದು ಬಿಸಿಲಲ್ಲಿ. ಸಂಜೆ ಸೋಸಿ, ಎರಡನ್ನೂ ತೂಗಿ. ಪ್ಯಾಕೆಟ್ ಮೇಲಿನ ಅಂಕಿಗಿಂತ ಈ ತೂಕ ನಂಬಿ.