ಮೂಸೆಯೇಕೆ ಕರಗದು?

ಪ್ರಶ್ನೆ: ಕರಗಿದ ಅಲ್ಯೂಮಿನಿಯಂ ಹಿಡಿದಿಡುವ ನೈಟ್ರೈಡ್ ಪಾತ್ರೆ ತಾನೇಕೆ ಕೆಡುವುದಿಲ್ಲ? (ಗುಬ್ಬಿಯ ಓದುಗರೊಬ್ಬರು)

ಉತ್ತರ: 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಬುಕನನ್ ಮಹಾಶಯನು ನಿಮ್ಮ ಜಿಲ್ಲೆಯ ಮಧುಗಿರಿ ಪ್ರಾಂತದಲ್ಲಿ ಕಂಡು ಬರೆದಿಟ್ಟ ಉಕ್ಕಿನ ಕುಲುಮೆಗಳಿಗೆ ಜೇಡಿಮಣ್ಣಿನ ಮೂಸೆಯೇ ಸಾಕಾಗಿತ್ತು, ಪಾಕವಾದ ಮೇಲೆ ಅದನ್ನು ಒಡೆದು ಉಕ್ಕನ್ನು ತೆಗೆದರಾಯಿತು. ಆದರೆ 660 ಡಿಗ್ರಿ ಸೆಲ್ಸಿಯಸ್ಸಿಗೇ ದ್ರವಿಸುವ ಅಲ್ಯೂಮಿನಿಯಂ, ತಾಪದಲ್ಲಿ ಸೌಮ್ಯವಾದರೂ ಆಮ್ಲಜನಕದ ವಿಷಯದಲ್ಲಿ ಮಹಾಲೋಭಿಯಾದುದರಿಂದ, ಮಣ್ಣಿನೊಳಗಿನ ಸಿಲಿಕಾದಿಂದ ಅದನ್ನು ಕಸಿದುಕೊಂಡು ಪಾತ್ರೆಯನ್ನೇ ತಿನ್ನತೊಡಗುವುದು. ಸಿಲಿಕಾನ್ ನೈಟ್ರೈಡಿನಲ್ಲಿ ಕಸಿಯಲು ಆಮ್ಲಜನಕವು ಬಹುಮಟ್ಟಿಗೆ ಇಲ್ಲ. ಪರಮಾಣುಗಳ ಬಂಧವೂ ದೃಢ. ದ್ರವಲೋಹವು ಕೆಸುವಿನೆಲೆಯ ಮೇಲಿನ ನೀರಿನಂತೆ ಅಂಟದೆ ಜಾರುವುದು. ಉಷ್ಣಕ್ಕೆ ಹಿಗ್ಗುವುದು ಅತ್ಯಲ್ಪವಾದ್ದರಿಂದ ಥಟ್ಟನೆ ಕಾಯಿಸಿದರೂ ಸುಲಭವಾಗಿ ಬಿರಿಯದು. ಕರಗಿದ ಕಬ್ಬಿಣದ ಮುಂದೆ ಮಾತ್ರ ಇದರ ಆಟ ನಡೆಯದು: ಸಿಲಿಕಾನು ಆ ಲೋಹದಲ್ಲಿ ಲೀನವಾಗಿಬಿಡುವುದರಿಂದ, ಉಕ್ಕಿನ ಎರಕದವರು ಕೆಲವೆಡೆ ಬೋರಾನ್ ನೈಟ್ರೈಡನ್ನು ಆಶ್ರಯಿಸುತ್ತಾರೆ.