ಕ್ಲಿನಿಕ್ಕಿನಲ್ಲೇ ಮುಖದ ಸೌಂದರ್ಯ ಶಸ್ತ್ರಚಿಕಿತ್ಸೆ

ರೆಪ್ಪೆಯ ಸಡಿಲ ಚರ್ಮ ತೆಗೆಯುವ, ಜೋತುಬಿದ್ದ ಕೆನ್ನೆ ಬಿಗಿಗೊಳಿಸುವ ಶಸ್ತ್ರಚಿಕಿತ್ಸೆಗಳನ್ನು ವೈದ್ಯರ ಕ್ಲಿನಿಕ್ಕಿನಲ್ಲೇ, ಆ ಭಾಗವನ್ನಷ್ಟೇ ಮರಗಟ್ಟಿಸುವ ಸ್ಥಳೀಯ ಅರಿವಳಿಕೆಯಲ್ಲಿ ಮಾಡಬಹುದಾದರೂ, ಆ ಅರಿವಳಿಕೆಗೂ ಮಿತಿಯಿದೆ. ರಕ್ತನಾಳಗಳನ್ನು ಕುಗ್ಗಿಸುವ ಅಡ್ರಿನಲಿನ್ ಬೆರೆತ ಅರಿವಳಿಕೆ ಮದ್ದಾದ ಲಿಡೊಕೇಯ್ನ್‌ಗೆ ದೇಹತೂಕದ ಪ್ರತಿ ಕಿಲೋಗೆ 7 ಮಿಲಿಗ್ರಾಂ ಸಾಮಾನ್ಯವಾಗಿ ಒಪ್ಪಿತವಾದ ಗರಿಷ್ಠ ಪ್ರಮಾಣವಾದ್ದರಿಂದ, 60 ಕಿಲೋ ತೂಗುವವರಿಗೆ ಶೇಕಡಾ 1ರ ದ್ರಾವಣ 42 ಮಿಲಿಲೀಟರ್ ದಾಟಬಾರದು. ದಾಟಿದರೆ ತುಟಿಯ ಸುತ್ತ ಜುಮುಗುಟ್ಟುವಿಕೆಯಿಂದ ಆರಂಭವಾಗಿ ಸೆಳವು, ಹೃದಯಸ್ತಂಭನದವರೆಗೂ ಹೋಗಬಹುದು. ಹೀಗಾಗಿ ನಾಡಿ, ರಕ್ತದೊತ್ತಡ, ಆಮ್ಲಜನಕ ಗಮನಿಸುವ ಯಂತ್ರವೂ, ಈ ವಿಷಪರಿಣಾಮಕ್ಕೆ ನೀಡುವ ಶೇಕಡಾ 20ರ ಲಿಪಿಡ್ ದ್ರಾವಣವೂ, ನಿಂತ ಉಸಿರನ್ನು ಮರಳಿಸಬಲ್ಲ ಸಿಬ್ಬಂದಿಯೂ ಇಲ್ಲದ ಕೋಣೆ, ಎಷ್ಟೇ ಥಳಥಳಿಸಿದರೂ, ಶಸ್ತ್ರಚಿಕಿತ್ಸೆಗೆ ತಕ್ಕುದಲ್ಲ. ಮುಖ ಬಿಗಿಗೊಳಿಸಿದ ಮೇಲೆ ಚರ್ಮದಡಿ ರಕ್ತ ಶೇಖರವಾಗುವ ಹೆಮಟೋಮ ಬಹುಪಾಲು ಮೊದಲ 24 ಗಂಟೆಗಳಲ್ಲೇ ಕಾಣಿಸಿಕೊಳ್ಳುವುದರಿಂದ, ಆ ರಾತ್ರಿ ಕರೆದರೆ ಯಾವ ವೈದ್ಯರು ಸಿಗುತ್ತಾರೆ, ಯಾವ ಆಸ್ಪತ್ರೆ ಸೇರಿಸಿಕೊಳ್ಳುತ್ತದೆ ಎಂಬುದನ್ನು ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮುನ್ನವೇ ಕೇಳಬೇಕು.